ಟ್ರ್ಯಾಕ್ಟರಿಗೆ ಹೊಸ ಬ್ಯಾಟರಿ: ಬೆಲೆಯೊಂದನ್ನೇ ನೋಡಿದರೆ ಸಾಕೆ?

ಸುರಪುರ ತಾಲ್ಲೂಕಿನ ಕೆಂಭಾವಿ ಸುತ್ತಿನ ಎರೆಭೂಮಿಯಲ್ಲಿ ಹಿಂಗಾರಿ ಬಿತ್ತನೆಗೆ ಸಿಗುವ ಹದ ಬಹಳ ದಿನ ನಿಲ್ಲುವುದಿಲ್ಲ. ಮಳೆ ಬಿದ್ದ ಕೂಡಲೆ ಹೊಲದಲ್ಲಿ ಕಾಲಿಡಲಾಗದಷ್ಟು ಕೆಸರು. ಆಮೇಲೆ ಕೆಲವೇ ದಿನಗಳ ಹದ. ಅದೂ ಕಳೆದರೆ ಮೇಲ್ಮಣ್ಣು ಒಣಗಿ ಬಿರುಕು ಬಿಡುತ್ತದೆ, ಕೂರಿಗೆಯಿಂದ ಬಿದ್ದ ಬೀಜ ಹಸಿಯನ್ನು ಮುಟ್ಟುವುದಿಲ್ಲ. ಬಿಳಿಜೋಳ, ಕಡಲೆ ಬಿತ್ತುವ ರೈತನಿಗೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ಒಂದೊಂದು ದಿನವೂ ಬೆಲೆಯುಳ್ಳದ್ದು. ಅಂಥ ಒಂದು ಬೆಳಿಗ್ಗೆ ಟ್ರ್ಯಾಕ್ಟರಿನ ಕೀಲಿ ತಿರುವಿದಾಗ ‘ಟಕ್’ ಎಂಬ ಸದ್ದು ಮಾತ್ರ ಬಂದು ಎಂಜಿನ್ ತಿರುಗದೆ ಹೋದರೆ, ಹೊಲದ ಕೆಲಸವೆಲ್ಲ ನಿಂತಂತೆಯೇ.

ಇಂಥ ಹೊತ್ತಿನಲ್ಲಿ ರೈತರು ಸಾಮಾನ್ಯವಾಗಿ ಮಾಡುವುದು ಒಂದೇ. ಬ್ಯಾಟರಿ ಸತ್ತಿತೆಂದು ತೀರ್ಮಾನಿಸಿ, ಅವಸರದಲ್ಲಿ ಪೇಟೆಗೆ ಹೋಗಿ, ಅಂಗಡಿಯವನು ತೋರಿಸಿದ್ದರಲ್ಲಿ ಕಡಿಮೆ ಬೆಲೆಯದನ್ನು ತರುತ್ತಾರೆ. ಕೆಲವರು ಇದಕ್ಕೆ ವಿರುದ್ಧವಾಗಿ, ಹೆಚ್ಚು ಬೆಲೆಯದೇ ಒಳ್ಳೆಯದೆಂದು ನಂಬಿ ಎಲ್ಲಕ್ಕಿಂತ ದುಬಾರಿಯದನ್ನು ತರುತ್ತಾರೆ. ಇವೆರಡೂ ಸರಿಯಾದ ಕ್ರಮವಲ್ಲ. ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಬೆಲೆ ಕೇಳುವ ಮೊದಲು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಬ್ಯಾಟರಿಗೂ ಅಂಥದೇ ಪರೀಕ್ಷೆಗಳಿವೆ. ಟ್ರ್ಯಾಕ್ಟರಿಗೆ ಹೇಳಿದ ಈ ಮಾತುಗಳು ಜೀಪು, ಕಾರುಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.

ಬ್ಯಾಟರಿ ಕೆಲಸ ಮಾಡುವ ಬಗೆ

ಈಗ ವಾಹನಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಸೀಸ ಮತ್ತು ಆಮ್ಲದ ಬ್ಯಾಟರಿ. ಇದನ್ನು 1859ರಲ್ಲಿ ಫ್ರಾನ್ಸಿನ ವಿಜ್ಞಾನಿ ಗಾಸ್ಟನ್ ಪ್ಲಾಂಟೆ ಕಂಡುಹಿಡಿದನು. ಒಳಗಿನ ತತ್ತ್ವ ಇಂದಿಗೂ ಅದೇ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಣೆಗಳಿರುತ್ತವೆ. ಒಂದೊಂದು ಕೋಣೆಯೂ ಸುಮಾರು 2 ವೋಲ್ಟ್ ಕೊಡುತ್ತದೆ. ಪ್ರತಿ ಕೋಣೆಯಲ್ಲಿ ಸೀಸದ ಪ್ಲೇಟುಗಳೂ ಸೀಸದ ಡೈಆಕ್ಸೈಡಿನ ಪ್ಲೇಟುಗಳೂ ಒಂದರ ಪಕ್ಕ ಒಂದು ನಿಂತಿದ್ದು, ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ತು ಹೊರಗೆ ಹರಿದಂತೆ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳುವಾಗುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಅಥವಾ ಡೈನಮೋ ವಿದ್ಯುತ್ತನ್ನು ತಿರುಗಿ ತುಂಬುತ್ತದೆ. ಆಗ ಸಲ್ಫೇಟ್ ಕರಗಿ ಆಮ್ಲ ಮೊದಲಿನ ಸತ್ವಕ್ಕೆ ಬರುತ್ತದೆ.

ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಈ ಸಲ್ಫೇಟ್ ಗಟ್ಟಿ ಹರಳಾಗಿ ನಿಲ್ಲುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಹಳ್ಳಿಗಳಲ್ಲಿ ಬ್ಯಾಟರಿಗಳು ಅಕಾಲದಲ್ಲಿ ಸಾಯುವುದಕ್ಕೆ ಇದೊಂದು ಮುಖ್ಯ ಕಾರಣ.

ಟ್ರ್ಯಾಕ್ಟರಿನ ಎಂಜಿನ್ ತಿರುಗಿಸಲು ಸ್ಟಾರ್ಟರ್ ಮೋಟರು ಕೆಲವು ಸೆಕೆಂಡುಗಳ ಕಾಲ 200 ಆಂಪಿಯರಿಗೂ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಇದು ದೊಡ್ಡದಾಗಿ ಕಂಡರೂ, ಒಮ್ಮೆ ಸ್ಟಾರ್ಟ್ ಮಾಡಲು ಖರ್ಚಾಗುವುದು ಅರ್ಧ ಆಂಪಿಯರ್-ಗಂಟೆಗಿಂತ ಕಡಿಮೆ. 75 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಎಂಜಿನ್ ಸ್ವಲ್ಪ ಹೊತ್ತು ಓಡಿದರೆ ತುಂಬಿಹೋಗುತ್ತದೆ. ಆದರೆ ಎಂಜಿನ್ ನಿಲ್ಲಿಸಿ ಎರಡು ದೊಡ್ಡ ದೀಪಗಳನ್ನು ಉರಿಯಲು ಬಿಟ್ಟರೆ ಗಂಟೆಗೆ ಸುಮಾರು 9 ಆಂಪಿಯರ್-ಗಂಟೆ ಹೋಗುತ್ತದೆ. ಬೆಳಗಾಗುವುದರೊಳಗೆ ಬ್ಯಾಟರಿ ಬರಿದಾಗುತ್ತದೆ. ಜಾತ್ರೆ, ಮೆರವಣಿಗೆಗಳಲ್ಲಿ ಎಂಜಿನ್ ನಿಲ್ಲಿಸಿ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಟೇಪು, ಧ್ವನಿವರ್ಧಕ ನಡೆಸುವುದೂ ಇದೇ ಬಗೆಯ ಹಾನಿ. ಸ್ಟಾರ್ಟ್ ಮಾಡುವ ಬ್ಯಾಟರಿಯ ಪ್ಲೇಟುಗಳು ತೆಳ್ಳಗೆ, ಸಂಖ್ಯೆಯಲ್ಲಿ ಹೆಚ್ಚು. ಅವು ಒಮ್ಮೆಗೆ ಬಹಳ ವಿದ್ಯುತ್ತು ಕೊಡಬಲ್ಲವು. ಪದೇ ಪದೇ ಬರಿದಾಗುವುದನ್ನು ಮಾತ್ರ ತಾಳಲಾರವು.

ಸತ್ತಿರುವುದು ಬ್ಯಾಟರಿಯೇ?

ಪೈರಿನ ಎಲೆ ಹಳದಿಯಾದೊಡನೆ ಜಾಣ ರೈತ ಯೂರಿಯಾ ಚೀಲ ಬಿಚ್ಚುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಬೇರು ಕೊಳೆತಿದೆಯೇ, ಕಬ್ಬಿಣದಂಶದ ಕೊರತೆಯೇ ಎಂದು ಮೊದಲು ನೋಡುತ್ತಾನೆ. ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದಾಗಲೂ ಅದೇ ಕ್ರಮ ಬೇಕು.

ಒಂದು ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಒಬ್ಬ ರೈತ ಸ್ಟಾರ್ಟ್ ಆಗದ ಟ್ರ್ಯಾಕ್ಟರಿಗೆ ಹೊಸ ಬ್ಯಾಟರಿ ತಂದು ಹಾಕುತ್ತಾನೆ. ಎಂಟು ದಿನ ಗಾಡಿ ಚೆನ್ನಾಗಿ ನಡೆಯುತ್ತದೆ. ಒಂಬತ್ತನೆಯ ದಿನ ಮತ್ತೆ ಅದೇ ‘ಟಕ್’. ಮಾರಿದವನನ್ನು ಬೈಯುತ್ತ ಮಿಸ್ತ್ರಿಯ ಹತ್ತಿರ ಹೋದರೆ, ಫ್ಯಾನ್ ಬೆಲ್ಟು ಸಡಿಲವಾಗಿ ಆಲ್ಟರ್ನೇಟರ್ ಸರಿಯಾಗಿ ತಿರುಗುತ್ತಿರಲಿಲ್ಲವೆಂಬುದು ತಿಳಿಯುತ್ತದೆ. ಹಳೆಯ ಬ್ಯಾಟರಿ ಬರಿದಾಗಿತ್ತೇ ಹೊರತು ಸತ್ತಿರಲಿಲ್ಲ. ಅದನ್ನು ಅವನು ಆಗಲೇ ಹಳೆಯ ಸೀಸದ ಬೆಲೆಗೆ ಕೊಟ್ಟಾಗಿದೆ. ಹೊಸದೂ ಬರಿದಾಗಿ ಕುಳಿತಿದೆ. ಈ ನಷ್ಟ ಬ್ಯಾಟರಿಯ ಬೆಲೆಯಿಂದ ಬಂದದ್ದಲ್ಲ, ಪರೀಕ್ಷೆ ಮಾಡದೆ ಇದ್ದುದರಿಂದ ಬಂದದ್ದು.

ಆದುದರಿಂದ ಪೇಟೆಗೆ ಹೊರಡುವ ಮೊದಲು ಈ ಕೆಳಗಿನ ಪರೀಕ್ಷೆಗಳನ್ನು ಮಾಡಬೇಕು.

1. ಟರ್ಮಿನಲ್ಲುಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ, ಕ್ಲಾಂಪು ಸಡಿಲವಾಗಿದೆಯೇ ಎಂದು ನೋಡಬೇಕು. ಋಣ ತುದಿಯಿಂದ ಟ್ರ್ಯಾಕ್ಟರಿನ ಮೈಗೆ ಹೋಗುವ ಅರ್ಥ್ ವೈರಿನ ಇನ್ನೊಂದು ತುದಿಯನ್ನೂ ಬಿಚ್ಚಿ, ಉಜ್ಜಿ, ಬಿಗಿಮಾಡಬೇಕು. ಎಷ್ಟೋ ಸಲ ದೋಷ ಇಲ್ಲಿಗೇ ಮುಗಿಯುತ್ತದೆ.

2. ಮುಚ್ಚಳಗಳಿರುವ ಬ್ಯಾಟರಿಯಾದರೆ ಆರೂ ಕೋಣೆಗಳಲ್ಲಿ ದ್ರವ ಪ್ಲೇಟುಗಳ ಮೇಲೆ 10ರಿಂದ 15 ಮಿಲಿಮೀಟರ್ ನಿಂತಿದೆಯೇ ಎಂದು ನೋಡಬೇಕು. ಐದು ಕೋಣೆಗಳಲ್ಲಿ ಸರಿಯಿದ್ದು ಒಂದರಲ್ಲಿ ಮಾತ್ರ ಮತ್ತೆ ಮತ್ತೆ ಇಳಿಯುತ್ತಿದ್ದರೆ ಆ ಕೋಣೆ ಕೆಟ್ಟಿರಬಹುದು, ಇಲ್ಲವೇ ಪೆಟ್ಟಿಗೆ ಸೀಳಿರಬಹುದು.

3. ಗಾಡಿ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ವೋಲ್ಟ್ ಮೀಟರಿನಿಂದ ಅಳೆಯಬೇಕು. 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ಬ್ಯಾಟರಿ ತುಂಬಿದೆ. 12.2 ವೋಲ್ಟ್ ಇದ್ದರೆ ಸುಮಾರು ಅರ್ಧ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಖಾಲಿ.

4. ಎಂಜಿನ್ ಓಡುವಾಗ ಅದೇ ತುದಿಗಳಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಬರಬೇಕು. ಬಾರದಿದ್ದರೆ ಬೆಲ್ಟು, ಆಲ್ಟರ್ನೇಟರ್, ರೆಗ್ಯುಲೇಟರುಗಳಲ್ಲಿ ದೋಷವಿದೆ. 15 ವೋಲ್ಟಿಗೂ ಮೀರಿದರೆ ಬ್ಯಾಟರಿಯ ನೀರು ಬೇಗ ಕುದಿದು ಬತ್ತುತ್ತದೆ. ಈ ದೋಷ ತೆಗೆಯದೆ ಹೊಸ ಬ್ಯಾಟರಿ ಹಾಕುವುದು ತೂತು ಹಗೇವಿಗೆ ಜೋಳ ತುಂಬಿದಂತೆ.

5. ಹೈಡ್ರೋಮೀಟರಿನಿಂದ ಪ್ರತಿ ಕೋಣೆಯ ಆಮ್ಲದ ಸಾಂದ್ರತೆ ನೋಡಬೇಕು. ತುಂಬಿದ ಬ್ಯಾಟರಿಯಲ್ಲಿ ಅದು ತಯಾರಕರು ಹೇಳಿದಂತೆ 1.240ರಿಂದ 1.280ರವರೆಗೆ ಇರುತ್ತದೆ. ಆರೂ ಕೋಣೆಗಳಲ್ಲಿ ಒಂದೇ ಸಮನಾಗಿ ಕಡಿಮೆಯಿದ್ದರೆ ಬ್ಯಾಟರಿಗೆ ಬೇಕಾದುದು ಚಾರ್ಜ್ ಮಾತ್ರ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಒಂದು ಕೋಣೆ ಉಳಿದವುಗಳಿಗಿಂತ 0.050ರಷ್ಟು ಕೆಳಗಿದ್ದರೆ ಆ ಕೋಣೆಯ ಆಯುಷ್ಯ ಮುಗಿದಂತೆ.

ಕೊನೆಯದಾಗಿ, ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಅಂಗಡಿಯಲ್ಲಿ ಲೋಡ್ ಪರೀಕ್ಷೆ ಮಾಡಿಸಬೇಕು. ಭಾರ ಕೊಟ್ಟ ಕೂಡಲೆ ವೋಲ್ಟೇಜು 9.6ಕ್ಕಿಂತ ಕೆಳಗೆ ಕುಸಿದರೆ ಹೊಸದನ್ನು ಕೊಳ್ಳಲು ಹಿಂದೆಮುಂದೆ ನೋಡಬೇಕಾಗಿಲ್ಲ.

ಹೊಸ ಬ್ಯಾಟರಿಯಲ್ಲಿ ಗಮನಿಸಬೇಕಾದ ಅಂಶಗಳು

ಸಾಮರ್ಥ್ಯ: ಟ್ರ್ಯಾಕ್ಟರಿನ ಜೊತೆ ಬಂದ ಕೈಪಿಡಿಯಲ್ಲಿ ಎಷ್ಟು ಆಂಪಿಯರ್-ಗಂಟೆಯ ಬ್ಯಾಟರಿ ಬೇಕೆಂದು ಬರೆದಿರುತ್ತದೆ. ನಮ್ಮಲ್ಲಿ ಹೆಚ್ಚಾಗಿರುವ ಟ್ರ್ಯಾಕ್ಟರುಗಳಿಗೆ 75ರಿಂದ 88 ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿ ಸಾಮಾನ್ಯ. ಬೆಲೆ ಉಳಿಸಲೆಂದು ಕಾರಿನ ಸಣ್ಣ ಬ್ಯಾಟರಿ ಹಾಕಿದರೆ ಅದು ಪ್ರತಿ ಸಲವೂ ಶಕ್ತಿಮೀರಿ ದುಡಿದು ಬೇಗ ಸಾಯುತ್ತದೆ. ಹೇಳಿದ್ದಕ್ಕಿಂತ ಬಹಳ ದೊಡ್ಡದನ್ನು ಹಾಕಿದರೆ ಹಾನಿಯಿಲ್ಲ. ಆದರೆ ತಟ್ಟೆಯಲ್ಲಿ ಕೂರುವುದಿಲ್ಲ, ಕೊಟ್ಟ ಹೆಚ್ಚಿನ ಹಣಕ್ಕೆ ತಕ್ಕ ಲಾಭವೂ ಇಲ್ಲ.

ತುದಿಗಳ ದಿಕ್ಕು ಮತ್ತು ಅಳತೆ: ಒಂದೇ ಸಾಮರ್ಥ್ಯದ ಬ್ಯಾಟರಿಗಳಲ್ಲಿ ಧನ ತುದಿ ಕೆಲವಕ್ಕೆ ಎಡಕ್ಕೂ ಕೆಲವಕ್ಕೆ ಬಲಕ್ಕೂ ಇರುತ್ತದೆ. ದಿಕ್ಕು ತಪ್ಪಿದರೆ ವೈರು ಮುಟ್ಟುವುದಿಲ್ಲ; ಅವಸರದಲ್ಲಿ ತಿರುವುಮುರುವು ಜೋಡಿಸಿದರೆ ಆಲ್ಟರ್ನೇಟರೇ ಸುಟ್ಟುಹೋಗುತ್ತದೆ. ಹಳೆಯ ಬ್ಯಾಟರಿಯನ್ನು ಜೊತೆಗೆ ಒಯ್ದು ಪಕ್ಕದಲ್ಲಿಟ್ಟು ಹೋಲಿಸುವುದು ಒಳ್ಳೆಯದು.

ತಯಾರಾದ ದಿನಾಂಕ: ಬಿತ್ತನೆ ಬೀಜದ ಚೀಲದ ಮೇಲೆ ಮೊಳಕೆ ಪರೀಕ್ಷೆಯ ತಾರೀಖು ನೋಡುವ ರೈತ, ಬ್ಯಾಟರಿಯ ಮೇಲೂ ತಯಾರಿಕೆಯ ತಿಂಗಳು ನೋಡಬೇಕು. ಆಮ್ಲ ತುಂಬಿದ ಬ್ಯಾಟರಿ ಅಂಗಡಿಯ ಕಪಾಟಿನಲ್ಲಿ ಸುಮ್ಮನೆ ಕುಳಿತರೂ ತಾನಾಗಿಯೇ ಬರಿದಾಗುತ್ತ ಹೋಗುತ್ತದೆ. ಬಿಸಿಲು ಹೆಚ್ಚಿದಷ್ಟೂ ಇದು ಬೇಗ. ಮೂರು ತಿಂಗಳ ಒಳಗಿನದು ಸಿಕ್ಕರೆ ಉತ್ತಮ. ಆರು ತಿಂಗಳು ಕಳೆದು, ನಡುವೆ ಚಾರ್ಜ್ ಕಾಣದೆ ಕುಳಿತಿರುವುದನ್ನು ರಿಯಾಯಿತಿ ಕೊಟ್ಟರೂ ತರಬಾರದು. ಕೊಳ್ಳುವಾಗಲೇ ವೋಲ್ಟೇಜು ಅಳೆಯಲು ಹೇಳಬೇಕು, 12.4ಕ್ಕಿಂತ ಕಡಿಮೆಯಿದ್ದರೆ ಬೇರೆಯದನ್ನು ಕೇಳಬೇಕು.

ಬಗೆ: ಮುಚ್ಚಳ ತೆಗೆದು ನೀರು ಹಾಕುವ ಬ್ಯಾಟರಿಯೂ, ನೀರು ಹಾಕುವ ಅಗತ್ಯವಿಲ್ಲದ ಮುಚ್ಚಿದ ಬ್ಯಾಟರಿಯೂ ಸಿಗುತ್ತವೆ. ಮೊದಲನೆಯದರ ಬೆಲೆ ಸಾಮಾನ್ಯವಾಗಿ ಕಡಿಮೆ. ಒಳಗಿನ ಸ್ಥಿತಿಯನ್ನು ಹೈಡ್ರೋಮೀಟರಿನಿಂದ ಅಳೆಯಬಹುದು, ಬತ್ತಿದ ನೀರನ್ನು ತುಂಬಬಹುದು. ತಿಂಗಳಿಗೊಮ್ಮೆ ನೋಡುವ ಶಿಸ್ತುಳ್ಳ ರೈತನಿಗೆ ಇದು ಲಾಭದಾಯಕ. ನೋಡುವವರಿಲ್ಲದ ಮನೆಗೆ ಎರಡನೆಯದು ವಾಸಿ. ಮನೆಯ ಇನ್ವರ್ಟರಿಗೆ ಹಾಕುವ ಬ್ಯಾಟರಿ ಬೇರೆ ಕೆಲಸಕ್ಕಾಗಿ ಮಾಡಿದ್ದು. ಅದನ್ನು ಟ್ರ್ಯಾಕ್ಟರಿಗೂ, ಟ್ರ್ಯಾಕ್ಟರಿನದನ್ನು ಇನ್ವರ್ಟರಿಗೂ ಹಾಕಬಾರದು.

ಬಿಸಿಲು ಮತ್ತು ಅಲುಗಾಟ: ಕೆಲವು ಬ್ಯಾಟರಿಗಳ ಮೇಲೆ ಚಳಿಯಲ್ಲಿ ಎಂಜಿನ್ ತಿರುಗಿಸುವ ಶಕ್ತಿಯನ್ನು ದೊಡ್ಡ ಅಂಕೆಯಲ್ಲಿ ಬರೆದಿರುತ್ತಾರೆ. ಅದನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಅಳೆಯಲಾಗುತ್ತದೆ. ಹಿಮ ಬೀಳುವ ದೇಶಗಳ ರೈತರಿಗೆ ಆ ಅಂಕೆ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಯಾದಗಿರಿ ಜಿಲ್ಲೆಯಲ್ಲಿ ಅದಕ್ಕಾಗಿ ಹೆಚ್ಚು ಹಣ ತೆರುವುದರಿಂದ ಬಹಳ ಪ್ರಯೋಜನವಿಲ್ಲ. ಇಲ್ಲಿನ ಬ್ಯಾಟರಿಯ ಶತ್ರು ಬಿಸಿಲು. ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಒಳಗಿನ ಸವೆತದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎರಡನೆಯ ಶತ್ರು ಅಲುಗಾಟ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಭತ್ತದ ಗದ್ದೆಗಳಲ್ಲಿ ಕಬ್ಬಿಣದ ಗಾಲಿ ಹಾಕಿ ಕೆಸರು ಮಾಡುವ ಟ್ರ್ಯಾಕ್ಟರು, ಬದು ಹಾರುವ ಟ್ರ್ಯಾಕ್ಟರು, ಡಾಂಬರು ರಸ್ತೆಯ ಕಾರಿನಂತಲ್ಲ. ಟ್ರ್ಯಾಕ್ಟರಿಗೆಂದೇ ಗಟ್ಟಿಮುಟ್ಟಾಗಿ ಮಾಡಿದ, ಪ್ಲೇಟುಗಳು ಭದ್ರವಾಗಿ ಕೂತ ಬ್ಯಾಟರಿಗೆ ನೂರಾರು ರೂಪಾಯಿ ಹೆಚ್ಚು ಕೊಟ್ಟರೂ ಅದು ದಂಡವಲ್ಲ.

ಬೆಲೆಯ ಲೆಕ್ಕ

ಬೆಲೆಯನ್ನು ಒಟ್ಟು ರೂಪಾಯಿಯಲ್ಲಿ ನೋಡದೆ, ಒಂದು ತಿಂಗಳ ಸೇವೆಗೆ ಎಷ್ಟು ಬಿತ್ತೆಂದು ನೋಡಬೇಕು. ಕೆಳಗಿನ ಅಂಕೆಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು, ಪೇಟೆಯ ದರಗಳಲ್ಲ.

ಒಂದನೆಯ ಬ್ಯಾಟರಿಯ ಬೆಲೆ 5,400 ರೂಪಾಯಿ, ಎರಡನೆಯದು 7,200, ಮೂರನೆಯದು 9,600 ಎಂದಿಟ್ಟುಕೊಳ್ಳಬಹುದು. ಹಳೆಯ ಬ್ಯಾಟರಿ ಕೊಟ್ಟರೆ ಮೂರಕ್ಕೂ 1,200 ರೂಪಾಯಿ ಕಳೆಯುತ್ತಾರೆ. ಆಗ ಕೈಯಿಂದ ಹೋಗುವುದು ಕ್ರಮವಾಗಿ 4,200, 6,000 ಮತ್ತು 8,400 ರೂಪಾಯಿ. ಕೆಟ್ಟರೆ ಹಣವಿಲ್ಲದೆ ಹೊಸದು ಕೊಡುವ ಅವಧಿ ಮೊದಲನೆಯದಕ್ಕೆ 12 ತಿಂಗಳು, ಎರಡನೆಯದಕ್ಕೆ 24 ತಿಂಗಳು, ಮೂರನೆಯದಕ್ಕೆ 30 ತಿಂಗಳು. ಭಾಗಿಸಿ ನೋಡಿದರೆ ಖಾತರಿಯಾದ ಒಂದು ತಿಂಗಳಿಗೆ ಮೊದಲನೆಯದು 350 ರೂಪಾಯಿ, ಎರಡನೆಯದು 250 ರೂಪಾಯಿ, ಮೂರನೆಯದು 280 ರೂಪಾಯಿ ಬೀಳುತ್ತದೆ. ಅಂದರೆ ಅಗ್ಗವಾಗಿ ಕಂಡದ್ದೇ ಇಲ್ಲಿ ಎಲ್ಲಕ್ಕಿಂತ ತುಟ್ಟಿ. ಆದರೆ ಎಲ್ಲಕ್ಕಿಂತ ಹೆಚ್ಚು ಬೆಲೆಯದೂ ಎಲ್ಲಕ್ಕಿಂತ ಲಾಭದ್ದಲ್ಲ.

ಈ ಲೆಕ್ಕ ಮಾಡುವಾಗ ಗ್ಯಾರಂಟಿ ಕಾರ್ಡನ್ನು ಸರಿಯಾಗಿ ಓದಬೇಕು. ‘36 ತಿಂಗಳು’ ಎಂದು ದೊಡ್ಡದಾಗಿ ಬರೆದಿದ್ದರೂ, ಅದರಲ್ಲಿ ಮೊದಲ 18 ತಿಂಗಳು ಮಾತ್ರ ಉಚಿತ ಬದಲಿ, ಉಳಿದ 18 ತಿಂಗಳು ಬಳಕೆಗೆ ತಕ್ಕಂತೆ ಬೆಲೆಯಲ್ಲಿ ರಿಯಾಯಿತಿ ಎಂದಿರಬಹುದು. ಇವೆರಡೂ ಒಂದೇ ಅಲ್ಲ. ಕಾರಿಗೆ ಹಾಕಿದಾಗ ಒಂದು ಅವಧಿ, ಅದೇ ಬ್ಯಾಟರಿಯನ್ನು ಟ್ರ್ಯಾಕ್ಟರಿಗೆ ಅಥವಾ ಬಾಡಿಗೆ ವಾಹನಕ್ಕೆ ಹಾಕಿದಾಗ ಕಡಿಮೆ ಅವಧಿ ಇರುವುದೂ ಉಂಟು. ರೈತ ತನ್ನ ವಾಹನಕ್ಕೆ ಎಷ್ಟು ತಿಂಗಳು ಎಂದು ಸ್ಪಷ್ಟವಾಗಿ ಕೇಳಿ, ಬಿಲ್ಲಿನಲ್ಲಿ ಬ್ಯಾಟರಿಯ ಕ್ರಮಸಂಖ್ಯೆ ಬರೆಸಿ, ಕಾರ್ಡಿಗೆ ಅಂಗಡಿಯ ಮೊಹರು ಹಾಕಿಸಬೇಕು. ಬಿಲ್ಲಿಲ್ಲದೆ ಕೊಂಡ ಬ್ಯಾಟರಿಗೆ ಗ್ಯಾರಂಟಿ ಬಾಯಿಮಾತು ಮಾತ್ರ. ಬದಲಿ ಕೊಡುವ ಅಂಗಡಿ ಸುರಪುರ, ಶಹಾಪುರದಂಥ ಹತ್ತಿರದ ಊರಲ್ಲಿದೆಯೇ ಎಂಬುದೂ ಬೆಲೆಯ ಒಂದು ಭಾಗವೇ. ದೂರದ ನಗರದಲ್ಲಿ ಎರಡು ನೂರು ರೂಪಾಯಿ ಉಳಿಸಿ, ಬದಲಿಗಾಗಿ ಎರಡು ಸಲ ಬಸ್ಸು ಹತ್ತಿದರೆ ಉಳಿತಾಯ ಅಲ್ಲಿಗೇ ತೀರುತ್ತದೆ.

ಇನ್ನೊಂದು ಮಾತು. ಗ್ಯಾರಂಟಿಯ ತಿಂಗಳುಗಳು ಬ್ಯಾಟರಿಯ ಆಯುಷ್ಯವಲ್ಲ. ಮೇಲಿನ ಲೆಕ್ಕದ ಒಂದನೆಯ ಬ್ಯಾಟರಿಯನ್ನೇ ಆರೈಕೆಯಿಂದ 24 ತಿಂಗಳು ನಡೆಸಿದ ರೈತನಿಗೆ ತಿಂಗಳಿಗೆ 175 ರೂಪಾಯಿ ಮಾತ್ರ ಬೀಳುತ್ತದೆ. 8,400 ರೂಪಾಯಿ ಕೊಟ್ಟು ತಂದು, ನೀರು ಹಾಕದೆ ಪ್ಲೇಟು ಒಣಗಿಸಿದವನ ಹಣಕ್ಕೆ ಗ್ಯಾರಂಟಿಯೂ ಒದಗುವುದಿಲ್ಲ. ಬೆಲೆಗಿಂತ ಆರೈಕೆಯೇ ಹೆಚ್ಚು ತೂಗುತ್ತದೆ ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಕಡಿಮೆ ಬೆಲೆಯದನ್ನು ಕೊಳ್ಳಲೇಬಾರದೆ? ಕೊಳ್ಳಬಹುದು. ವರ್ಷದೊಳಗೆ ಮಾರಬೇಕೆಂದಿರುವ ಹಳೆಯ ಗಾಡಿಗೆ, ಇಲ್ಲವೇ ಹೆಸರಾಂತ ತಯಾರಕರದೇ ಕಡಿಮೆ ಅವಧಿಯ ಬ್ಯಾಟರಿ ತಾಜಾ ಆಗಿ ಸಿಕ್ಕಾಗ, ಅದು ಸರಿಯಾದ ಆಯ್ಕೆಯೇ. ಆದರೆ ಸತ್ತ ಬ್ಯಾಟರಿಗೆ ಹಳೆಯ ಪ್ಲೇಟು ಕೂರಿಸಿ, ಹೊಸ ಪೆಟ್ಟಿಗೆ ಅಥವಾ ಹೊಸ ಚೀಟಿ ಹಚ್ಚಿ ಮಾರುವ ಮಾಲಿನಿಂದ ದೂರವಿರಬೇಕು. ತಯಾರಕರ ಹೆಸರು, ತಯಾರಿಕೆಯ ತಿಂಗಳು, ಕ್ರಮಸಂಖ್ಯೆ ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದನ್ನು ಮುಟ್ಟಬಾರದು. ಬಿತ್ತನೆಯ ದಿನ ಗಾಡಿ ನಿಂತರೆ, ಬಾಡಿಗೆ ಟ್ರ್ಯಾಕ್ಟರಿಗೆ ಕೊಡುವ ಒಂದು ದಿನದ ಹಣವೇ ಉಳಿಸಿದ್ದನ್ನೆಲ್ಲ ನುಂಗಬಹುದು. ಕಳೆದುಹೋದ ಹದವನ್ನಂತೂ ಹಣ ಕೊಟ್ಟೂ ತರಲಾಗದು.

ಜೋಡಿಸುವಾಗ ಎಚ್ಚರಿಕೆ

ಬ್ಯಾಟರಿ ಬಿಚ್ಚುವಾಗ ಮೊದಲು ಋಣ ತುದಿ, ಆಮೇಲೆ ಧನ ತುದಿ; ಜೋಡಿಸುವಾಗ ಮೊದಲು ಧನ ತುದಿ, ಕೊನೆಗೆ ಋಣ ತುದಿ. ಋಣ ತುದಿ ಟ್ರ್ಯಾಕ್ಟರಿನ ಮೈಗೆ ಸೇರಿರುವ ಗಾಡಿಗಳಿಗೆ ಇದೇ ಕ್ರಮ. ಇದರಿಂದ ಪಾನಾ ಜಾರಿ ಕಬ್ಬಿಣಕ್ಕೆ ತಗುಲಿದರೂ ಕಿಡಿ ಹಾರುವುದಿಲ್ಲ. ಕ್ಲಾಂಪನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬಾರದು. ಒಳಗಿನ ಜೋಡಣೆ ಮುರಿಯುತ್ತದೆ. ಬಿಗಿಮಾಡಿದ ಮೇಲೆ ತುದಿಗಳಿಗೆ ವ್ಯಾಸಲೀನ್ ಸವರಬೇಕು. ಬ್ಯಾಟರಿ ತಟ್ಟೆಯಲ್ಲಿ ಅಲುಗದಂತೆ ಪಟ್ಟಿಯಿಂದ ಬಿಗಿಯಬೇಕು.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ. ಒಂದು ಕಿಡಿ ಸಾಕು, ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆ ಎರಚುತ್ತದೆ. ಆದುದರಿಂದ ಬೀಡಿ ಸೇದುತ್ತ, ಕಡ್ಡಿ ಗೀರಿ ನೀರಿನ ಮಟ್ಟ ನೋಡುವ ಅಭ್ಯಾಸವನ್ನು ಇಂದೇ ಬಿಡಬೇಕು. ಆಮ್ಲ ಮೈಗೆ ಅಥವಾ ಕಣ್ಣಿಗೆ ಬಿದ್ದರೆ ತಕ್ಷಣ ಧಾರಾಳ ನೀರಿನಿಂದ ಕನಿಷ್ಠ 15 ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದಿದ್ದರೆ ತೊಳೆದು ನೇರವಾಗಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಆಮ್ಲ ಬೆರೆಸುವ ಕೆಲಸವನ್ನು ಮನೆಯಲ್ಲಿ ಮಾಡಬಾರದು.

ಆಯುಷ್ಯ ಹೆಚ್ಚಿಸುವ ಆರೈಕೆ

ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೀರಿನ ಮಟ್ಟ ನೋಡಬೇಕು. ಬತ್ತಿದ್ದರೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಬೋರಿನ ನೀರು, ಕಾಲುವೆ ನೀರು, ಕುಡಿಯಲು ಎಷ್ಟೇ ಸಿಹಿಯಾಗಿದ್ದರೂ, ಅದರಲ್ಲಿ ಕರಗಿದ ಲವಣಗಳಿರುತ್ತವೆ. ಸವಳು ಏರಿದ ಹೊಲದಲ್ಲಿ ಬೆಳೆ ಹೇಗೆ ಸೊರಗುವುದೋ ಹಾಗೆಯೇ ಲವಣ ಸೇರಿದ ಕೋಣೆಯಲ್ಲಿ ಪ್ಲೇಟು ಕೆಡುತ್ತದೆ. ಬತ್ತುವುದು ನೀರು ಮಾತ್ರವಾದುದರಿಂದ ಮೇಲಿಂದ ಆಮ್ಲ ಹಾಕಬಾರದು. ಆಮ್ಲ ಹೊರಚೆಲ್ಲಿದ್ದರೆ ಮಾತ್ರ ತಿಳಿದವರಿಂದ ಸರಿಪಡಿಸಬೇಕು.

ಬ್ಯಾಟರಿಯ ಮೇಲ್ಭಾಗದ ಧೂಳು, ಒದ್ದೆಗಳ ಮೂಲಕವೂ ವಿದ್ಯುತ್ತು ಸೋರುತ್ತದೆ. ನೀರಿನಲ್ಲಿ ಅಡುಗೆ ಸೋಡಾ ಕದಡಿ, ಮುಚ್ಚಳಗಳನ್ನು ಭದ್ರಮಾಡಿ, ಬಟ್ಟೆಯಿಂದ ಒರೆಸಿ, ಶುದ್ಧ ನೀರಿನಿಂದ ತೊಳೆಯಬೇಕು. ಸೋಡಾ ನೀರು ಕೋಣೆಯೊಳಗೆ ಇಳಿಯಬಾರದು. ಮುಚ್ಚಳದ ಗಾಳಿರಂಧ್ರಗಳಲ್ಲಿ ಕೆಸರು ತುಂಬಿದ್ದರೆ ಬಿಡಿಸಬೇಕು.

ಸ್ಟಾರ್ಟ್ ಮಾಡುವಾಗ ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಕೀಲಿ ಹಿಡಿಯಬಾರದು. ಆಗದಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಮೂರು ಸಲಕ್ಕೂ ಆಗದಿದ್ದರೆ ಡೀಸೆಲಿನಲ್ಲಿ ಗಾಳಿ ಸೇರಿದೆಯೇ, ಫಿಲ್ಟರು ಕಟ್ಟಿದೆಯೇ ಎಂದು ಹುಡುಕಬೇಕು, ಬ್ಯಾಟರಿಯನ್ನು ದಂಡಿಸಬಾರದು.

ತೊಗರಿ, ಹತ್ತಿಯ ಸುಗ್ಗಿ ಮುಗಿದ ಮೇಲೆ ಟ್ರ್ಯಾಕ್ಟರು ಕೆಲಸವಿಲ್ಲದೆ ನಿಲ್ಲುವುದುಂಟು. ಆಗ ಋಣ ತುದಿಯನ್ನು ಬಿಚ್ಚಿಡಬೇಕು. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಬೇಕು. ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಬೇಕು. ಚಾರ್ಜಿನ ವೇಗ ಸಾಮರ್ಥ್ಯದ ಹತ್ತನೆಯ ಒಂದು ಭಾಗ ಮೀರಬಾರದು, ಅಂದರೆ 75 ಆಂಪಿಯರ್-ಗಂಟೆಯ ಬ್ಯಾಟರಿಗೆ 7.5 ಆಂಪಿಯರ್ ಸಾಕು. ಬೇಸಿಗೆಯಲ್ಲಿ ಮರೆತು ಬಿಟ್ಟ ಬ್ಯಾಟರಿಯೇ ಮುಂಗಾರಿನ ಮೊದಲ ಮಳೆಗೆ ಕೈಕೊಡುವುದು.

ಹಳೆಯ ಬ್ಯಾಟರಿಯ ವಿಲೇವಾರಿ

ಸೀಸವು ವಿಷ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಬಹಳ ಸ್ವಲ್ಪ ಪ್ರಮಾಣದಲ್ಲೂ ಹಾನಿಕರ. ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆಯುವುದು, ಸೀಸವನ್ನು ಒಲೆಯ ಮೇಲೆ ಕರಗಿಸುವುದು, ಆಮ್ಲವನ್ನು ಹೊಲಕ್ಕೆ, ಹಳ್ಳಕ್ಕೆ, ಬಾವಿಯ ದಂಡೆಗೆ ಸುರಿಯುವುದು ಇವೆಲ್ಲ ಅಪಾಯಕರ. ಬಳಸಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಬಗ್ಗೆ ಭಾರತದಲ್ಲಿ 2001ರಲ್ಲಿ ನಿಯಮಗಳು ಬಂದವು. 2022ರಲ್ಲಿ ಅವುಗಳ ಸ್ಥಾನದಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದು, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಳೆಯಿಸಿಕೊಳ್ಳುವುದು ಹಣಕ್ಕೂ ಒಳ್ಳೆಯದು, ಆರೋಗ್ಯಕ್ಕೂ ಒಳ್ಳೆಯದು.

ನೆನಪಿನಲ್ಲಿಡಬೇಕಾದ ಮುಖ್ಯಾಂಶಗಳು

1. ಟರ್ಮಿನಲ್, ಅರ್ಥ್ ವೈರು, ಬೆಲ್ಟು, ಆಲ್ಟರ್ನೇಟರ್ ಪರೀಕ್ಷಿಸದೆ ಹೊಸ ಬ್ಯಾಟರಿ ಕೊಳ್ಳಬಾರದು.

2. ಕೈಪಿಡಿಯಲ್ಲಿ ಹೇಳಿದ ಸಾಮರ್ಥ್ಯ, ತುದಿಗಳ ಸರಿಯಾದ ದಿಕ್ಕು, ಇತ್ತೀಚಿನ ತಯಾರಿಕೆ ಈ ಮೂರು ಸರಿಯಿದ್ದ ಮೇಲೆಯೇ ಬೆಲೆ ಕೇಳಬೇಕು.

3. ಹಳೆಯದರ ಬೆಲೆ ಕಳೆದು, ಉಚಿತ ಬದಲಿಯ ತಿಂಗಳುಗಳಿಂದ ಭಾಗಿಸಿ, ತಿಂಗಳಿಗೆ ಬೀಳುವ ಖರ್ಚನ್ನು ಹೋಲಿಸಬೇಕು.

4. ಬಟ್ಟಿ ಇಳಿಸಿದ ನೀರು, ನೆರಳು, ಬಿಗಿಯಾದ ಪಟ್ಟಿ, ತಿಂಗಳಿಗೊಂದು ಚಾರ್ಜ್ ಇವು ಬ್ಯಾಟರಿಯ ನಿಜವಾದ ಗ್ಯಾರಂಟಿ.

ಬ್ಯಾಟರಿ ಪರೀಕ್ಷೆಗೆ ಒಳ್ಳೆಯ ಕಾಲ ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರಿಗೆ ಮೊದಲು ಒಮ್ಮೆ. ವಿಸ್ತರಣಾ ಕಾರ್ಯಕರ್ತರು ಈ ಸಮಯದಲ್ಲಿ ಹಳ್ಳಿಗಳಲ್ಲಿ ಒಂದು ಹೈಡ್ರೋಮೀಟರ್, ಒಂದು ವೋಲ್ಟ್ ಮೀಟರ್ ಇಟ್ಟುಕೊಂಡು ಪ್ರಾತ್ಯಕ್ಷಿಕೆ ನಡೆಸಿದರೆ ಬಹಳ ಉಪಯೋಗವಾಗುತ್ತದೆ. ನಾಲ್ಕಾರು ಟ್ರ್ಯಾಕ್ಟರುಗಳಿರುವ ಓಣಿಯವರು ಕೂಡಿ ಈ ಎರಡು ಉಪಕರಣಗಳನ್ನು ಕೊಂಡರೂ ಖರ್ಚು ಹಗುರ. ಕೃಷಿ ಯಂತ್ರಗಳ ಬಗ್ಗೆ ಹೆಚ್ಚಿನ ಮಾಹಿತಿ ಬೇಕಾದವರು ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲಿ, ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ವಿಚಾರಿಸಬಹುದು. ಬೀಜ, ಗೊಬ್ಬರಗಳನ್ನು ಬಿತ್ತನೆಗೆ ಮೊದಲೇ ಅಣಿಮಾಡಿಕೊಳ್ಳುವ ರೈತರು ಬ್ಯಾಟರಿಯನ್ನೂ ಆ ಪಟ್ಟಿಗೆ ಸೇರಿಸಿಕೊಂಡರೆ, ಹದ ಬಂದ ಬೆಳಿಗ್ಗೆ ಟ್ರ್ಯಾಕ್ಟರು ಒಂದೇ ಕೀಲಿಗೆ ಎದ್ದು ಹೊಲಕ್ಕೆ ನಡೆಯುತ್ತದೆ.